ತಂಪಿನ ಪೆಟ್ಟಿಗೆಯ ಬಾಗಿಲು

ಬೆಂಕಿ ಹಚ್ಚಿದರೆ ತಣ್ಣಗಾಗುವ ಪೆಟ್ಟಿಗೆ ಒಂದಿದೆ ಎಂದರೆ ನೀವು ನಂಬುವುದಿಲ್ಲ. ನಾನೂ ನಂಬಿರಲಿಲ್ಲ. ಗೋಕಾಕದಲ್ಲಿ ದವಾಖಾನೆ ಮೋಟಾರಿನ ಚಾವಿ ನನ್ನ ಕೈಗೆ ಬಂದ ದಿನ, ಹಿಂದಿನ ಬಾಗಿಲು ತೆಗೆದು ಆ ಬಿಳಿ ಪೆಟ್ಟಿಗೆ ತೋರಿಸಿ, ಕೆಳಗೆ ಚಿಮಣಿ ಎಣ್ಣೆಯ ದೀಪ ಹಚ್ಚಿದರೆ ಮೇಲೆ ಔಷಧ ತಣ್ಣಗಿರುತ್ತದೆ ಎಂದರು ದವಾಖಾನೆಯವರು. ಹೊಸಬ ಸಿಕ್ಕ ಅಂತ ಚಾಷ್ಟಿ ಮಾಡುತ್ತಿದ್ದಾರೆ ಎಂದುಕೊಂಡೆ.

ಒಂದು ವಾರದಲ್ಲಿ ಅದರ ಗುಣವೆಲ್ಲ ನನಗೆ ತಿಳಿಯಿತು. ಹಟಮಾರಿ ಪೆಟ್ಟಿಗೆ ಅದು. ಮೋಟಾರು ಒಂದು ಬದಿಗೆ ವಾಲಿ ನಿಂತರೆ ಸಿಟ್ಟಾಗಿ ತಂಪೇ ಕೊಡುವುದಿಲ್ಲ. ಅದಕ್ಕೆ ಪ್ರತಿ ಊರಿನಲ್ಲಿ ಗಾಲಿಯ ಕೆಳಗೆ ಕಲ್ಲು ಕೊಟ್ಟು, ತಾಟಿನಲ್ಲಿ ನೀರು ಹಾಕಿ, ನೀರು ಯಾವ ಕಡೆಗೂ ಸರಿಯದ ಹಾಗೆ ಮೋಟಾರು ನಿಲ್ಲಿಸಬೇಕು. ಬೆನ್ನಿಗೆ ಗಾಳಿ ಆಡಬೇಕು, ಬಿಸಿಲು ಬೀಳಬಾರದು. ದೀಪದ ಉರಿ ಸಣ್ಣಗೆ, ನೀಲಿಯಾಗಿ ಇರಬೇಕು. ಹಳದಿಯಾದರೆ ಹೊಗೆ, ಹೊಗೆಯಾದರೆ ಕಾಡಿಗೆ, ಕಾಡಿಗೆ ಕಟ್ಟಿ ಬೆನ್ನಿನ ಹೊಗೆಕೊಳವೆ ಮುಚ್ಚಿದರೆ ಮುಗಿಯಿತು. ಬಾಗಿಲಿನ ಮೇಲೆ ಗಡಿಯಾರದಂತೆ ಒಂದು ಮುಳ್ಳು ಇತ್ತು. ಹಸಿರು ಗೆರೆಯ ಮೇಲೆ ಇದ್ದರೆ ಔಷಧ ಜೀವಂತ, ಕೆಂಪಿಗೆ ಹೋದರೆ ಇಲ್ಲ. ಎಲ್ಲಕ್ಕಿಂತ ದೊಡ್ಡ ನೇಮವೆಂದರೆ ಬಾಗಿಲು ದಿನಕ್ಕೆ ಎರಡೇ ಸಲ ತೆಗೆಯಬೇಕು. ಮುಂಜಾನೆ ಔಷಧ ತೆಗೆಯಲು ಒಮ್ಮೆ, ಸಂಜೆ ಉಳಿದದ್ದನ್ನು ಇಡಲು ಒಮ್ಮೆ.

ಈ ನೇಮ ಹಾಕಿದವರು ನಮ್ಮ ಪಾರ್ಶ್ವನಾಥ ಸಾಹೇಬರು. ಹುಕ್ಕೇರಿಯ ಜೈನರ ಮನೆಯವರು, ಮೈಲಿ ಹಾಕುವುದು ಅವರ ಕೆಲಸ. ಸಿಡುಬಿಗೆ ನಮ್ಮ ಕಡೆ ದೇವಿ ಅನ್ನುತ್ತಾರೆ. ದೇವಿ ಬಾರದ ಹಾಗೆ ತೋಳಿನ ಮೇಲೆ ಔಷಧದ ಹನಿ ಇಟ್ಟು ಸೂಜಿಯಿಂದ ಗೀರುವುದಕ್ಕೆ ಮೈಲಿ ಹಾಕುವುದು ಎನ್ನುತ್ತಾರೆ. ಆ ಔಷಧ ಬೆಳಗಾವಿಯಿಂದ ಬರ್ಫ ಮತ್ತು ಹೊಟ್ಟಿನಲ್ಲಿ ಹುದುಗಿ ರೈಲಿನಲ್ಲಿ ಬರುತ್ತಿತ್ತು. ಸಾಹೇಬರು ನೀರು ಕಾಯಿಸಿ ಸೋಸಿ ಕುಡಿಯುವವರು, ಹೊತ್ತು ಮುಳುಗಿದ ಮೇಲೆ ಅನ್ನ ಮುಟ್ಟದವರು. ಮಾತೂ ಹಾಗೆಯೇ ಸೋಸಿ ಆಡುತ್ತಿದ್ದರು. "ಲಗಮಣ್ಣ, ನಾ ಗೀರಾಂವ ಅಷ್ಟ. ಜೀವಾ ಉಳಸಾಂವ ನೀನು. ಬಾಗಲಾ ಕಾಯಿ" ಎಂದು ಒಮ್ಮೆ ಹೇಳಿದ್ದರು. ಆ ಮಾತಿಗೆ ನಾನು ಉಬ್ಬಿಹೋಗಿದ್ದೆ. ಕೊಣ್ಣೂರಿನ ಚಕ್ಕಡಿ ಹೊಡೆಯುವವನ ಮಗನಿಗೆ ಜೀವ ಉಳಿಸುವವನು ಎಂದು ಇನ್ಯಾರು ಅಂದಾರು?

ಐವತ್ತೊಂಬತ್ತರ ಬೇಸಿಗೆಯಲ್ಲಿ ಘೋಡಗೇರಿಯಲ್ಲಿ ದೇವಿ ಬಂತು. ಮೂಡಲಗಿಯಲ್ಲಿದ್ದ ನಮಗೆ ಕೂಡಲೇ ಹೊರಡಿ ಎಂದು ಹುಕುಂ ಬಂತು. ಘೋಡಗೇರಿ ನನ್ನ ತಂಗಿ ಸಾವಂತ್ರೆವ್ವನನ್ನು ಕೊಟ್ಟ ಊರು. ಅವ್ವ ಅಪ್ಪ ಇಬ್ಬರೂ ಬೇಗ ಹೋದ ಮೇಲೆ ನಾನೇ ಬೆಳೆಸಿ, ನಾನೇ ಸತ್ಯಪ್ಪನಿಗೆ ಧಾರೆ ಎರೆದು ಕೊಟ್ಟ ಹುಡುಗಿ. ಅವಳ ತೋಳಿನ ಮೇಲೆ ಮೈಲಿಯ ಗುರುತು ಇರಲಿಲ್ಲ. ನಾವು ಸಣ್ಣವರಿದ್ದಾಗ ಮೈಲಿ ಹಾಕುವವನು ಊರಿಗೆ ಬಂದನೆಂದು ಅವ್ವ ಅವಳನ್ನು ಜೋಳದ ಕಣಜದಲ್ಲಿ ಇಳಿಸಿ ಮೇಲೆ ಮೊರ ಮುಚ್ಚಿದ್ದಳು. ನಾನು ಓಡಲಾರದೆ ಸಿಕ್ಕಿಬಿದ್ದೆ. ಸಿಕ್ಕವನು ಬದುಕಿದೆ ನೋಡಿ, ಅಡಗಿದವಳಿಗೇ ಗಂಡಾಂತರ ಕಾದಿತ್ತು.

ಊರ ಹೊರಗಿನ ಹುಣಸೆ ಮರದ ಕೆಳಗೆ ಮೋಟಾರು ನಿಲ್ಲಿಸಿದೆವು. ಬಿಸಿಲು ಹೇಗಿತ್ತೆಂದರೆ ಸ್ಟೇರಿಂಗು ಮುಟ್ಟಿದರೆ ಅಂಗೈ ಚುರುಗುಟ್ಟುತ್ತಿತ್ತು. ಊರಿನ ಹನ್ನೊಂದು ಮನೆಗಳ ಬಾಗಿಲಿಗೆ ಬೇವಿನ ತೊಪ್ಪಲು ಕಟ್ಟಿದ್ದರು, ಅಂದರೆ ಹನ್ನೊಂದು ಮನೆಯಲ್ಲಿ ದೇವಿ. ಮೊದಲ ದಿನವೇ ಸಾಹೇಬರು ಸಂಜೆಯವರೆಗೆ ಕೂತು ಇನ್ನೂರು ಕೈ ಗೀರಿದರು. ನನ್ನ ಸೊಸೆ, ತಂಗಿಯ ಐದು ವರ್ಷದ ಮಗಳು ಗುಡ್ಡವ್ವನನ್ನು ನಾನೇ ಎತ್ತಿಕೊಂಡು ಹೋಗಿ ಹಾಕಿಸಿದೆ. ಸಾವಂತ್ರೆವ್ವ ಮಾತ್ರ ಕೈ ಚಾಚಲಿಲ್ಲ.

"ಬಾಜೂ ಮನ್ಯಾಗ ದೇವಿ ಕುಂತಾಳ. ಈಗ ಮೈಗೆ ಸೂಜಿ ಚುಚ್ಚಿಸಿಕೊಂಡ್ರ ಆಕಿಗೆ ಸಿಟ್ಟ ಬರತೈತಂತ. ಕೆಂಪವ್ವ ಆಯಿ ಹೇಳ್ಯಾಳ" ಎಂದಳು.

"ಕೆಂಪವ್ವಗ ಕಣ್ಣ ಕಾಣೂದಿಲ್ಲ, ನಿನಗೂ ಕಾಣೂದಿಲ್ಲೇನ?" ಎಂದು ರೇಗಿದೆ. ನನ್ನ ಬಾಯಿ ಮೊದಲಿನಿಂದಲೂ ಹಾಗೆಯೇ. ಅವಳು ನಕ್ಕಳು. ಅವಳು ನಕ್ಕರೆ ನಾನು ಹಟ ಬಿಡುತ್ತಿದ್ದೆ.

ಕೆಂಪವ್ವ ಅವರ ಬಾಜೂ ಮನೆಯ ಮುದುಕಿ. ಮನೆಯಲ್ಲಿ ಅವಳು, ಮತ್ತು ತಾಯಿ ಇಲ್ಲದ ಆರು ವರ್ಷದ ಮೊಮ್ಮಗ ಯಲ್ಲಾರಿ, ಇಬ್ಬರೇ. ಆ ಯಲ್ಲಾರಿಗೇ ದೇವಿ ಬಂದಿತ್ತು. ಅಂದು ಹೊತ್ತು ಇಳಿಯುವಾಗ ಸಾವಂತ್ರೆವ್ವ ತಾಮ್ರದ ಚರಗಿ ಹಿಡಿದು ಮೋಟಾರಿನ ಹತ್ತಿರ ಬಂದಳು.

"ಅಣ್ಣಾ, ಹುಡುಗನ ಮೈ ಹಂಚ ಆದಂಗ ಆಗೇತಿ. ದೇವಿ ಉರಿಯಾಕತ್ತಾಳ. ಆಕಿಗೆ ತಂಪ ಬೇಕು. ಬಾವಿ ನೀರ ಸೈತ ಬಿಸಿ ಅದಾವು. ನಿನ್ನ ಪೆಟಗ್ಯಾಗ ಇಟ್ಟ ಒಂದ ಚರಗಿ ತಣ್ಣೀರ ಕೊಡು."

ನಮ್ಮಲ್ಲಿ ನೀರು ಕೇಳಿದವರಿಗೆ ಇಲ್ಲ ಅನ್ನುವ ರೂಢಿ ಇಲ್ಲ. ವೈರಿ ಬಂದು ಕಟ್ಟೆಗೆ ಕೂತರೂ ಬೆಲ್ಲ, ನೀರು ಕೊಟ್ಟು ಆಮೇಲೆ ಜಗಳ ಆಡುತ್ತೇವೆ. ಅದರಲ್ಲೂ ದೇವಿ ಬಂದ ಮನೆಗೆ ತಂಪು ಕೇಳಿದರೆ ಇಲ್ಲ ಅನ್ನುವುದು ಹೇಗೆ? ದೇವಿಯೆಂದರೆ ಉರಿ, ಉರಿಗೆ ಮಜ್ಜಿಗೆ, ಬೇವು, ಮೊಸರನ್ನ, ತಣ್ಣೀರು. ಹುಟ್ಟಿದಾಗಿನಿಂದ ಕಂಡದ್ದು ಅದೇ. ಸಾಹೇಬರು ಕೆರೆಯ ಆಚೆ ಸ್ನಾನಕ್ಕೆ ಹೋಗಿದ್ದರು. ನಾನು ಬಾಗಿಲು ತೆಗೆದು ಚರಗಿ ಒಳಗಿಟ್ಟೆ. ಒಂದು ತಾಸಿಗೆ ತೆಗೆದು ಕೊಟ್ಟೆ. ಅವಳು ಅದನ್ನು ಎರಡೂ ಕೈಯಲ್ಲಿ ಪ್ರಸಾದದ ಹಾಗೆ ಹಿಡಿದುಕೊಂಡು ಹೋದಳು. ಹುಡುಗ ನೀರು ಕುಡಿದು ಮೂರು ದಿನದಲ್ಲಿ ಮೊದಲ ಸಲ ನಿದ್ದೆ ಮಾಡಿದನಂತೆ.

ಮರುದಿನ ಮುಂಜಾನೆ ಸಾಹೇಬರು ಆ ದಿನದ ಔಷಧವನ್ನು ಒದ್ದೆ ಅರಿವೆಯಲ್ಲಿ ಸುತ್ತಿಕೊಂಡು ದೂರದ ತೋಟದ ಮನೆಗಳಿಗೆ ನಡೆದು ಹೋದರು. ಅವರು ಮರೆಯಾಗುವುದೇ ತಡ, ಹುಣಸೆ ಮರದ ಕೆಳಗೆ ಚರಗಿಗಳ ಸಾಲು. ಹನ್ನೊಂದು ಮನೆಯವರೂ ಬಂದಿದ್ದರು. ಕೆಂಪವ್ವ ಕೋಲು ಊರಿಕೊಂಡು ಬಂದು ನನ್ನ ಮುಖ ಸವರಿ, "ನಿನ್ನ ಹೊಟ್ಟಿ ತಣ್ಣಗಿರಲಿ ಮಗನ" ಎಂದಳು. ಇನ್ನು ಇಲ್ಲ ಅನ್ನಲು ನನ್ನಿಂದ ಆದೀತೇ? ಖರೆ ಹೇಳಬೇಕೆಂದರೆ ಬರೀ ಕರುಣೆಯೂ ಅಲ್ಲ ಅದು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಬೆಂಕಿಯಿಂದ ತಂಪು ತೆಗೆಯುವ ಮನುಷ್ಯ ನಾನು.

ಆ ದಿನ ಎಷ್ಟು ಸಲ ಬಾಗಿಲು ತೆಗೆದೆನೋ ನೆನಪಿಲ್ಲ. ಬಾವಿಯ ಬಿಸಿ ನೀರು ಒಳಗೆ, ತಣ್ಣಗಾದದ್ದು ಹೊರಗೆ. ಮಧ್ಯಾಹ್ನಕ್ಕೆ ಮುಳ್ಳು ಹಸಿರು ಬಿಟ್ಟು ಸರಿಯತೊಡಗಿತು. ತಂಪು ಕಡಿಮೆಯಾದರೆ ಉರಿ ಹೆಚ್ಚು ಮಾಡಬೇಕು ಎಂಬುದು ಒಲೆಯ ಲೆಕ್ಕ, ನಾನು ಅದೇ ಲೆಕ್ಕ ಹಿಡಿದು ಬತ್ತಿ ಏರಿಸಿದೆ. ಉರಿ ಹಳದಿಯಾಯಿತು. ಸಂಜೆ ಸಾಹೇಬರು ಬಂದಾಗ ಚರಗಿಗಳು ಇರಲಿಲ್ಲ. ಅವರು ಉಳಿದ ಔಷಧ ಇಡುವಾಗ ನಾನು ಮುಳ್ಳಿಗೆ ಅಡ್ಡ ನಿಂತಿದ್ದೆ. ದಣಿದಿದ್ದರು, ನೋಡಲಿಲ್ಲ.

ಮೂರನೆಯ ದಿನ ನಾನು ಎದ್ದಾಗ ಮುಳ್ಳು ಪೂರಾ ಕೆಂಪಿನಲ್ಲಿತ್ತು. ಹಿಂದೆ ಹೋಗಿ ನೋಡಿದರೆ ಕೊಳವೆ ತುಂಬ ಕಾಡಿಗೆ. ರಾತ್ರಿಯೆಲ್ಲ ಪೆಟ್ಟಿಗೆ ಬರೀ ಹೊಗೆ ಕುಡಿದಿತ್ತು. ಅಷ್ಟರಲ್ಲಿ ಸಾವಂತ್ರೆವ್ವ ಮತ್ತೆ ಚರಗಿ ಹಿಡಿದು ಬಂದಳು. ನನಗೆ ಆಗ ಒಂದು ಶಾಣ್ಯಾತನ ಹೊಳೆಯಿತು. ಹಾಳಾದ ಶಾಣ್ಯಾತನ.

"ನೀರ ಬೇಕಂದ್ರ ಮೊದಲ ಮೈಲಿ ಹಾಕಿಸ್ಕೊ. ಇಲ್ಲಂದ್ರ ಇವತ್ತ ಒಂದ ಹನಿ ಕೊಡಂಗಿಲ್ಲ."

ಅವಳು ನನ್ನನ್ನು ನೋಡಿದಳು, ಚರಗಿ ನೋಡಿದಳು. "ಆ ಕೂಸಿನ ಸಲುವಾಗಿ ದೇವಿ ನನ್ನ ಮ್ಯಾಲ ಸಿಟ್ಟಾದ್ರೂ ಆಗಲಿ" ಎಂದು ಕುಪ್ಪಸದ ತೋಳು ಮೇಲೇರಿಸಿ ಸಾಹೇಬರ ಮುಂದೆ ಕೂತಳು. ತೋಟಗಳಿಂದ ಬಂದ ನಲವತ್ತು ಜನರ ಜೊತೆ ಅವಳ ಕೈಯನ್ನೂ ಗೀರಿದರು. ಕೆಂಪಿನಲ್ಲಿದ್ದ ಪೆಟ್ಟಿಗೆಯಿಂದ ನಾನೇ ತೆಗೆದುಕೊಟ್ಟ ಔಷಧದಿಂದ.

ಒಂದು ಮಾತು ಸಾಕಿತ್ತು. "ಸಾಹೇಬರ, ಮುಳ್ಳು ಕೆಂಪಿಗೆ ಹೋಗೇತ್ರಿ" ಅಂದಿದ್ದರೆ ಆಗುತ್ತಿತ್ತು. ಅವರು ಬೈಯುತ್ತಿದ್ದರು, ಬೆಳಗಾವಿಗೆ ತಂತಿ ಹೊಡೆಯುತ್ತಿದ್ದರು, ಎರಡು ದಿನದಲ್ಲಿ ಹೊಸ ಔಷಧ ಬರುತ್ತಿತ್ತು. ನಾನು ಬಾಯಿ ಬಿಡಲಿಲ್ಲ. ಒಂದು ರಾತ್ರಿಯಲ್ಲಿ ಏನಾದೀತು ಎಂದುಕೊಂಡೆ. ಅಕ್ಕಿ ಕೆಡುತ್ತದೆಯೇ, ಬೇಳೆ ಕೆಡುತ್ತದೆಯೇ ಒಂದು ರಾತ್ರಿಯಲ್ಲಿ? ಮಧ್ಯಾಹ್ನ ಸಾಹೇಬರು ಮಲಗಿದಾಗ ದೀಪ ಆರಿಸಿ, ಕೊಳವೆಯ ಕಾಡಿಗೆ ತೆಗೆದು, ಬತ್ತಿ ಕತ್ತರಿಸಿ, ಮತ್ತೆ ನೀಲಿ ಉರಿ ಮಾಡಿದೆ. ಚರಗಿಯವರನ್ನು ಬೈದು ಓಡಿಸಿದೆ. ಮರುದಿನಕ್ಕೆ ಮುಳ್ಳು ಹಸಿರಿಗೆ ಬಂತು. ಮುಳ್ಳು ಹಸಿರಾಯಿತೆಂದರೆ ಔಷಧವೂ ಸರಿಯಾಯಿತು ಎಂದು ನನಗೆ ನಾನೇ ಹೇಳಿಕೊಂಡೆ. ಸತ್ತ ಮನುಷ್ಯನನ್ನು ನೆರಳಿಗೆ ಮಲಗಿಸಿದರೆ ಏಳುತ್ತಾನೆಯೇ?

ಹೊರಡುವಾಗ ಸಾವಂತ್ರೆವ್ವ ಕೇಳಿದಳು, "ಅಣ್ಣಾ, ಮೈಲಿ ಹಾಕಿಸಿದ್ನೆಲ್ಲ, ಇನ್ನ ನಾ ಆ ಹುಡುಗನ್ನ ಮುಟ್ಟಬಹುದೇನ? ಕೆಂಪವ್ವ ಆಯಿ ಒಬ್ಬಾಕಿ ಏನ ಮಾಡತಾಳ, ಪಾಪ."

"ಮುಟ್ಟು. ತೊಡಿ ಮ್ಯಾಲ ಮಲಗಿಸ್ಕೊ ಬೇಕಾದ್ರ. ನಿನಗ ಏನೂ ಆಗಂಗಿಲ್ಲ" ಎಂದೆ.

ಆ ಮಾತು ನಾನು ಆಡಿದ್ದು. ಬೇರೆ ಯಾರೂ ಅಲ್ಲ.

ಗೀರಿದ ಕೈ ನೋಡಲು, ಸಾವಂತ್ರೆವ್ವನಿಗೆ ಮೈಲಿ ಹಾಕಿದ ಎಂಟನೆಯ ದಿನ, ಮತ್ತೆ ಘೋಡಗೇರಿಗೆ ಹೋದೆವು. ಮೈಲಿ ಹತ್ತಿದ್ದರೆ ತೋಳಿನ ಮೇಲೆ ಗುಳ್ಳೆ ಎದ್ದಿರಬೇಕು. ಮೊದಲ ದಿನದವರಿಗೆಲ್ಲ ಎದ್ದಿತ್ತು. ಗುಡ್ಡವ್ವನ ಗುಳ್ಳೆ ಹುಣಸೆ ಬೀಜದಷ್ಟು ದೊಡ್ಡದಾಗಿ ಉಬ್ಬಿ, ಅವಳು ಅದನ್ನು ಓಣಿಗೆಲ್ಲ ತೋರಿಸಿಕೊಂಡು ತಿರುಗುತ್ತಿದ್ದಳು. ಎರಡನೆಯ ದಿನದ್ದು ಅಲ್ಲೊಂದು ಇಲ್ಲೊಂದು ತಪ್ಪಿತ್ತು. ಮೂರನೆಯ ದಿನದ ನಲವತ್ತು ತೋಳುಗಳಲ್ಲಿ ಒಂದಕ್ಕೂ ಏನೂ ಇರಲಿಲ್ಲ. ಸಾವಂತ್ರೆವ್ವನ ತೋಳು ಮಗುವಿನ ತೋಳಿನಷ್ಟು ನುಣ್ಣಗಿತ್ತು. ಅವಳ ತೊಡೆಯ ಮೇಲೆ ಯಲ್ಲಾರಿ ಇದ್ದ. ಅವನ ಹುರುಪೆ ಉದುರತೊಡಗಿತ್ತು, ಬದುಕಿದ್ದ.

ಸಾಹೇಬರು ಆ ತೋಳನ್ನು ಬೆಳಕಿಗೆ ತಿರುಗಿಸಿ ನೋಡಿದರು. ಆಮೇಲೆ ನನ್ನನ್ನು ಮೋಟಾರಿನ ಹತ್ತಿರ ಕರೆದು ಕೇಳಿದರು.

"ಬಾಗಲಾ ತಗದಿದ್ದೇನ, ಲಗಮಣ್ಣ?"

"ಇಲ್ರಿ."

ಅವರು ನಂಬಿದರು. ಸುಳ್ಳು ಹೇಳದವರಿಗೆ ಇನ್ನೊಬ್ಬರ ಸುಳ್ಳು ಬೇಗ ತಿಳಿಯುವುದಿಲ್ಲ. ರೈಲಿನಲ್ಲೇ ಔಷಧ ಕೆಟ್ಟಿರಬೇಕು ಎಂದು ಬರೆದು ಕಳಿಸಿ, ಹೊಸದನ್ನು ತರಿಸಿದರು. ಅದು ಬಂದದ್ದು ಹತ್ತನೆಯ ದಿನ. ಸಾವಂತ್ರೆವ್ವನ ಕೈ ಮತ್ತೆ ಗೀರಿದರು. ಹದಿಮೂರನೆಯ ದಿನ ಅವಳಿಗೆ ಜ್ವರ ಬಂತು, ಸೊಂಟ ಮುರಿಯುವಂಥ ನೋವು ಬಂತು, ಹದಿನಾರಕ್ಕೆ ಮುಖದ ಮೇಲೆ ದೇವಿ ಎದ್ದಳು. ಗುಳ್ಳೆಗಳು ಬಿಡಿಬಿಡಿಯಾಗಿ ಏಳಲಿಲ್ಲ, ಒಂದಕ್ಕೊಂದು ಕೂಡಿಕೊಂಡು ಎದ್ದವು. ಅಂಥದ್ದು ಎದ್ದವರು ಉಳಿಯುವುದಿಲ್ಲ ಎಂದು ನನಗೆ ಗೊತ್ತಿತ್ತು, ಸಾಹೇಬರಿಗೆ ಗೊತ್ತಿತ್ತು. ಸತ್ಯಪ್ಪನಿಗೆ ಯಾರೂ ಹೇಳಲಿಲ್ಲ. ಅವನು ಬಾಗಿಲಿಗೆ ದಿನವೂ ಹೊಸ ಬೇವು ಕಟ್ಟುತ್ತಿದ್ದ.

ಸುತ್ತಲಿನ ಹಳ್ಳಿಗಳಿಗೂ ದೇವಿ ಹರಡಿದ್ದರಿಂದ ನಮ್ಮ ಮೋಟಾರು ಘೋಡಗೇರಿಯಲ್ಲೇ ಉಳಿಯಿತು. ಪೆಟ್ಟಿಗೆಯಲ್ಲಿ ಆರುನೂರು ಜನರಿಗಾಗುವಷ್ಟು ಹೊಸ ಔಷಧ. ನಾನು ಹಗಲೆಲ್ಲ ಅದರ ಮುಂದೆ ಕೂತಿರುತ್ತಿದ್ದೆ. ಬೆನ್ನಿನ ಕಡೆಗೆ ಬಿಸಿಲು ತಿರುಗಿದರೆ ತಟ್ಟಿ ಕಟ್ಟುತ್ತಿದ್ದೆ, ದಿನಕ್ಕೆ ಎರಡು ಸಲ ಕೊಳವೆ ಒರೆಸುತ್ತಿದ್ದೆ. ಯಾರಾದರೂ ಚರಗಿ ಹಿಡಿದು ಬಂದರೆ ದೂರದಿಂದಲೇ ಕಲ್ಲು ಎತ್ತುತ್ತಿದ್ದೆ. ಊರವರು ನನಗೆ ತಲೆ ಕೆಟ್ಟಿದೆ ಎಂದರು. ಊರಿಗೆ ಉಪಕಾರಿ, ಮನೆಗೆ ಮಾರಿ ಎಂಬ ಗಾದೆ ಕೇಳಿದ್ದೆ. ಆ ಮಾರಿ ಮುಖ ತೊಳೆದುಕೊಂಡು ಕನ್ನಡಿ ನೋಡುವುದು ಹೇಗಿರುತ್ತದೆಂದು ಆ ದಿನಗಳಲ್ಲಿ ಕಂಡೆ.

ಹತ್ತೊಂಬತ್ತನೆಯ ದಿನ ಮಧ್ಯಾಹ್ನ ಸಾಹೇಬರು ಅವಳನ್ನು ನೋಡಿ ಬಂದರು.

"ಲಗಮಣ್ಣ, ನಿನ್ನ ತಂಗಿ ತಣ್ಣೀರ ಕೇಳಾಕತ್ತಾಳ. ನಿನ್ನ ಪೆಟಗಿ ನೀರು." ತಾವೇ ಹಾಕಿದ ನೇಮವನ್ನು ತಾವೇ ಮುರಿದರು. "ತಗದ ಕೊಡು. ಒಂದ ಚರಗಿಲೆ ಏನೂ ಆಗಂಗಿಲ್ಲ. ನಾ ಹೇಳತೇನಿ."

ನನ್ನ ಕೈ ಬಾಗಿಲಿನ ಹಿಡಿಕೆಗೆ ಹೋಗಿತ್ತು. ಅಲ್ಲೇ ನಿಂತಿತು. "ಬ್ಯಾಡ್ರಿ" ಎಂದೆ. "ಆವಾಗ ತಗದಿದ್ದೆ ನಾ. ಎರಡ ದಿನ ಊರಿಗೆಲ್ಲ ನೀರ ಕೊಟ್ಟೆ. ಮುಳ್ಳ ಕೆಂಪಿಗೆ ಹೋಗಿತ್ತು. ಆಕಿ ಕೈ ಗೀರೂ ಮುಂದ ನನಗ ಗೊತ್ತಿತ್ತು."

ಸಾಹೇಬರು ಮೋಟಾರಿನ ಮೆಟ್ಟಿಲ ಮೇಲೆ ಕೂತುಬಿಟ್ಟರು. ಬೈಯಲಿಲ್ಲ. "ಆವತ್ತ ಹೇಳಿದ್ರ..." ಎಂದು ಅಷ್ಟಕ್ಕೇ ನಿಲ್ಲಿಸಿದರು. ಅವರು ಹೊಡೆದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ನಾನು ಸತ್ಯಪ್ಪನ ಮನೆಗೆ ಹೋಗಿ, ಪಡಸಾಲೆಯ ಗಡಿಗೆಯಿಂದ ಒಂದು ಚರಗಿ ನೀರು ತುಂಬಿ ಒಳಗೆ ಒಯ್ದೆ. ಅವಳ ಕಣ್ಣು ಮುಚ್ಚಿಹೋಗಿದ್ದವು. ಮುಖ ಗುರುತು ಹಿಡಿಯುವಂತೆ ಇರಲಿಲ್ಲ. ನನ್ನ ಹೆಜ್ಜೆಯ ಸಪ್ಪಳ ಕೇಳಿಯೇ "ಅಣ್ಣಾ, ನೀರ ತಂದಿ?" ಎಂದಳು. ಹತ್ತಿ ಅದ್ದಿ ಬಾಯಿಗೆ ಹಿಂಡಿದೆ. ನಾಲಿಗೆಗೆ ತಾಗುತ್ತಲೇ ಅವಳಿಗೆ ಗೊತ್ತಾಯಿತು.

"ಇದ ಗಡಿಗಿ ನೀರ ಅಲ್ಲೇನ?"

ಇನ್ನೊಂದು ಸುಳ್ಳು ನನ್ನಲ್ಲಿ ಉಳಿದಿರಲಿಲ್ಲ. ಅವಳ ಕಾಲ ಹತ್ತಿರ ಕೂತು ಎಲ್ಲ ಹೇಳಿದೆ. ಬಾಗಿಲು, ಚರಗಿ, ಕಾಡಿಗೆ, ಕೆಂಪು ಮುಳ್ಳು, ನನ್ನ ಸುಮ್ಮನಿದ್ದ ಬಾಯಿ. ಈಗ ಒಳಗಿರುವ ಔಷಧ ಆರುನೂರು ಮಂದಿಯದು, ಅದಕ್ಕೆ ತೆಗೆಯಲಿಲ್ಲ ಎಂದೂ ಹೇಳಿದೆ.

"ಯಲ್ಲಾರಿ ಇವತ್ತ ಏನರ ಉಂಡಾನೇನ?" ಎಂದು ಕೇಳಿದಳು.

"ರೊಟ್ಟಿ ಉಂಡ. ಹೊರಗ ಆಡಾಕತ್ತಾನ."

"ಹಂಗಾದ್ರ ಬಾಗಲಾ ತಗೀಬ್ಯಾಡ" ಎಂದಳು. "ಇದನ್ನ ಕುಡಸು. ತಣ್ಣಗ ಐತಿ ಅಣ್ಣಾ."

ತಣ್ಣಗಿರಲಿಲ್ಲ. ಪಡಸಾಲೆಗೆ ಪಶ್ಚಿಮದ ಬಿಸಿಲು ಬಿದ್ದು ಗಡಿಗೆ ಕಾದಿತ್ತು. ಆ ಬಿಸಿ ನೀರನ್ನು ಅವಳು ಹನಿ ಹನಿಯಾಗಿ ಅರ್ಧ ಚರಗಿ ಕುಡಿದಳು. ಅವಳು ನನ್ನನ್ನು ಶಪಿಸಿದ್ದರೆ ಆ ಶಾಪ ಹೊತ್ತುಕೊಂಡು ಹೇಗೋ ಬದುಕುತ್ತಿದ್ದೆ. ಇದನ್ನು ಎಲ್ಲಿ ಇಟ್ಟುಕೊಳ್ಳಲಿ?

ಮರುದಿನ ಮುಂಜಾನೆ ಹತ್ತರ ಸುಮಾರಿಗೆ ತೋಟದ ಕಡೆಯ ಮಕ್ಕಳೆಲ್ಲ ಹುಣಸೆ ಮರದ ಕೆಳಗೆ ಸಾಲು ನಿಂತಿದ್ದರು. ಸಾಹೇಬರು ಗೀರುತ್ತಿದ್ದರು, ನಾನು ಔಷಧದ ಸಣ್ಣ ಗಾಜಿನ ಕೊಳವೆಗಳನ್ನು ಒದ್ದೆ ಅರಿವೆಯಲ್ಲಿ ಹಿಡಿದು ಒಂದೊಂದಾಗಿ ಕೊಡುತ್ತಿದ್ದೆ. ಸತ್ಯಪ್ಪ ಓಣಿಯ ಕಡೆಯಿಂದ ನಡೆದು ಬಂದು ನಮ್ಮ ಮುಂದೆ ನಿಂತ. ತಲೆಯ ಮೇಲೆ ರುಮಾಲು ಇರಲಿಲ್ಲ. ಸಾಹೇಬರು ಕೈಯಲ್ಲಿದ್ದ ಕೊಳವೆಯನ್ನು ಬಿಸಿಲಿಗೆ ಕಾದ ಮೆಟ್ಟಿಲ ಮೇಲೆ ಇಟ್ಟು, ಎದ್ದು, ನನ್ನ ಹೆಗಲ ಮೇಲೆ ಕೈ ಹಾಕಿದರು.

"ಅಲ್ಲಿ ಇಡಬ್ಯಾಡ್ರಿ ಸಾಹೇಬರ, ಔಷಧ ಬಿಸಿ ಆಗತೈತಿ" ಎಂದೆ.

ನನ್ನ ತಂಗಿ ಸತ್ತಳೆಂದು ತಿಳಿದ ಮೇಲೆ ನನ್ನ ಬಾಯಿಂದ ಬಂದ ಮೊದಲ ಮಾತು ಅದು. ಇಪ್ಪತ್ತು ದಿನ ತಡವಾಗಿ ಬಂತು.